ಆಯ ನೋಡಿದ ಕಾರ್ಡು

ಜಯನಗರದಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ ತೆರೆಯುವ ಮುಂಚೆ, ವಿಸಿಟಿಂಗ್ ಕಾರ್ಡಿಗೆಂದು ಸುದ್ದಗುಂಟೆಪಾಳ್ಯದಲ್ಲಿ ದೊಡ್ಡಪ್ಪನಿಗೆ ಪರಿಚಯವಿದ್ದ ಪ್ರೆಸ್ಸಿಗೆ ಹೋಗಿದ್ದೆ. ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ. ಕತ್ತರಿಸುವಾಗ ಅಕ್ಷರ ಹೋಗದಂತೆ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕೆಂಬುದನ್ನೂ ಕಂಪ್ಯೂಟರಿನ ಮುಂದೆ ಕೂತು ನೋಡಿ, ಒಪ್ಪಿಗೆ ಕೊಟ್ಟು ಬಂದಿದ್ದೆ.

ಬಂಡಲ್ ಬಿಚ್ಚಿದರೆ ಒಳಗಿದ್ದದ್ದು ಹೆಚ್ಚುಕಡಿಮೆ ಪೋಸ್ಟ್‌ಕಾರ್ಡು! ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿದರೆ ಪ್ರೆಸ್ಸಿನವನು, "ನಿಮ್ಮ ದೊಡ್ಡಪ್ಪ ಬಂದು ಸೈಜ್ ಚೇಂಜ್ ಮಾಡ್ಸಿದ್ರಲ್ಲ ಮೇಡಂ" ಎಂದ.

ನಮ್ಮ ದೊಡ್ಡಪ್ಪನಿಗೆ ಬಾಗಿಲು, ಕಿಟಕಿ, ಮಂಚ ಎನ್ನದೆ ಎಲ್ಲದರ ಉದ್ದಗಲ ಗುಣಿಸಿ ವಾಸ್ತುವಿನ ಆಯ ನೋಡುವ ಚಟ. ಹೋಗಿ ಕೇಳಿದರೆ ಕುರ್ಚಿಯಿಂದ ಏಳದೆಯೇ, "ನೀನು ಕೊಟ್ಟ ಅಳತೆಗೆ ಆಯ ಸರಿಬರ್ತಿರ್ಲಿಲ್ಲಮ್ಮ. ವ್ಯವಹಾರದ ವಿಷಯ, ನಿಂಗೆ ಗೊತ್ತಾಗಲ್ಲ" ಎಂದರು. ವರ್ಷಗಟ್ಟಲೆ ಓದಿ ಜನರ ಬೆನ್ನು ನೆಟ್ಟಗೆ ಮಾಡುವವಳಿಗೆ ಗೊತ್ತಾಗುವುದಿಲ್ಲವಂತೆ! ನನ್ನ ಹೆಸರು, ನನ್ನ ಕ್ಲಿನಿಕ್, ನನ್ನ ಕಾರ್ಡು. ನನ್ನನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.

ಕ್ಲಿನಿಕ್ ತೆರೆಯುವ ಪೂಜೆಯ ದಿನ ಕೈಯಲ್ಲಿ ಬೇರೆ ಕಾರ್ಡು ಇರಲಿಲ್ಲ. ಹಲ್ಲು ಕಚ್ಚಿಕೊಂಡು ಅದನ್ನೇ ಹಂಚಿದೆ. ಯಾರ ಪರ್ಸಿನಲ್ಲೂ ಅದು ಹಿಡಿಸಲಿಲ್ಲ. ಕೊನೆಗೆ ದೊಡ್ಡಪ್ಪನೇ ಒಂದನ್ನು ತೆಗೆದುಕೊಂಡು ತಮ್ಮ ಪರ್ಸಿಗೆ ತುರುಕಿದರು, ಹೋಗಲಿಲ್ಲ. ತಿರುಗಿಸಿ ತುರುಕಿದರು; ಆಗಲೂ ಹೋಗಲಿಲ್ಲ. ಆಮೇಲೆ ಸರಿಯಾಗಿ ನನ್ನ ಹೆಸರಿನ ಮೇಲೆಯೇ ಬೆರಳಿಟ್ಟು ಮಡಚತೊಡಗಿದರು.

"ಮಡಚಬೇಡಿ ದೊಡ್ಡಪ್ಪ, ಆಯ ಕೆಡತ್ತೆ" ಎಂದೆ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ.