ಸವಣೂರ ಏಳು

ನನ್ನ ತಂಗಿ ನೀಲಾ ಯಾವ ಪುಸ್ತಕವನ್ನೂ ಮೊದಲ ಪುಟದಿಂದ ತೆರೆದವಳಲ್ಲ. ಪುಸ್ತಕ ಕೈಗೆ ಬಂದರೆ ಬೋರಲು ಹಾಕಿ, ಹಿಂದಿನ ರಟ್ಟು ಎತ್ತಿ, ಅಲ್ಲಿ ಅಂಟಿಸಿದ ಕಂದು ಹಾಳೆಯನ್ನು ಬೆರಳಾಡಿಸುತ್ತ ಓದುತ್ತಿದ್ದಳು. ನಡುನಡುವೆ ಒಬ್ಬಳೇ ನಗುತ್ತಿದ್ದಳು. ಒಮ್ಮೊಮ್ಮೆ "ಹೌದೇನಪಾ ಶಾಣ್ಯಾ" ಎಂದು ಹಾಳೆಗೇ ಬೈಯುತ್ತಿದ್ದಳು. ಕಥೆ ಏನಿದ್ದರೂ ಆಮೇಲೆ. ಯಾಕೆ ಹೀಗೆ ಎಂದರೆ ಉತ್ತರ ಸಿದ್ಧವಿತ್ತು: "ಬರದಾಂವ ಒಬ್ಬ, ಓದಿದವ್ರು ಹತ್ತ್ ಮಂದಿ. ಹತ್ತ್ ಮಂದಿ ಏನಂತಾರ ಅನ್ನೂದನ್ನ ಮೊದ್ಲ ಕೇಳಬೇಕಲ್ಲಕ್ಕ."

ಆ ಹಾಳೆಗಳ ಸಂಗತಿ ಹೇಳದೆ ನೀಲಾಳ ಸಂಗತಿ ಹೇಳಲು ಬರುವುದಿಲ್ಲ. ಎಪ್ಪತ್ತರ ದಶಕದಲ್ಲಿ ಹಾನಗಲ್ಲಿನ ಆಚಾರ್ ಮಾಸ್ತರು ಎಂಬ ನಿವೃತ್ತ ಶಿಕ್ಷಕರು ತಮ್ಮ ಪುಸ್ತಕಗಳನ್ನು ಒಂದು ತಗಡಿನ ಟ್ರಂಕಿಗೆ ತುಂಬಿ ಊರೂರಿಗೆ ಕಳಿಸುವ ಏರ್ಪಾಡು ಮಾಡಿದ್ದರು. ಹಾನಗಲ್ಲಿನಿಂದ ಶಿಗ್ಗಾಂವಿ, ಅಲ್ಲಿಂದ ಸವಣೂರು, ಸವಣೂರಿನಿಂದ ಹಿರೇಕೆರೂರು, ಮತ್ತೆ ಹಾನಗಲ್ಲು. ಒಂದೊಂದು ಊರಿನಲ್ಲಿ ಹದಿನೈದು ದಿನ. ನಮ್ಮಪ್ಪನದು ಸವಣೂರಿನಲ್ಲಿ ಎಲೆ ವ್ಯಾಪಾರ. ವೀಳ್ಯದೆಲೆಯ ಬುಟ್ಟಿಗಳು ಹೇಗೂ ಹಿರೇಕೆರೂರು ಬಸ್ಸಿನ ಮೇಲೆ ಹೋಗುತ್ತಿದ್ದವು, ಅವುಗಳ ಜೊತೆ ಟ್ರಂಕೂ ಹೋಗಲಿ ಎಂದು ಅದನ್ನು ನಮ್ಮ ಮನೆಯಲ್ಲಿ ಇಡತೊಡಗಿದರು. ಹೀಗಾಗಿ ನಾಲ್ಕೂ ಊರಿನ ಓದುಗರು ಎಲೆಯ ವಾಸನೆಯ ಕಾದಂಬರಿಗಳನ್ನು ಓದಿದರು.

ಪುಸ್ತಕ ಓದಿದವರು ಹಿಂದಿನ ಹಾಳೆಯ ಮೇಲೆ ತಮ್ಮ ಅಭಿಪ್ರಾಯ ಬರೆಯಬೇಕು. ಹೆಸರು ಹಾಕುವಂತಿಲ್ಲ, ಊರು ಮತ್ತು ನಂಬರು ಮಾತ್ರ. ಪೆನ್ಸಿಲಿನಲ್ಲೇ ಬರೆಯಬೇಕು, ಯಾಕೆಂದರೆ ಮಸಿ ಎಲೆಯ ತಂಪಿಗೆ ಹರಡುತ್ತಿತ್ತು. ಹಾಳೆ ತುಂಬಿದರೆ, ಹಳೆಯ ಮಾತು ಮುಚ್ಚಿಹೋದರೂ ಸರಿ, ಅದರ ಮೇಲೆಯೇ ಇನ್ನೊಂದು ಹಾಳೆ ಅಂಟಿಸಬೇಕು. ಹಾನಗಲ್ಲ ಒಂದು ಎಂದರೆ ಆಚಾರ್ ಮಾಸ್ತರು. ನೀಲಾ ಸವಣೂರ ಏಳು, ನಮ್ಮೂರಿನ ಕೊನೆಯ ನಂಬರು. ಹಾಳೆ ಅಂಟಿಸುವ ಕೆಲಸ ನನ್ನದು. ಹಿಟ್ಟು ಕುದಿಸಿ ಅಂಟು ಮಾಡಲು ನಂಬರು ಬೇಕಾಗಿರಲಿಲ್ಲ.

ನಾನು ನಾಲ್ಕನೆಯ ಇಯತ್ತೆ ಮುಗಿಸಿದ ವರ್ಷ ಅವ್ವನ ಸೊಂಟ ಹಿಡಿಯಿತು. ಎಲೆ ಎಣಿಸಲು ಕೈ ಬೇಕಾಯಿತು, ನನ್ನ ಸಾಲೆ ನಿಂತಿತು, ಪಾಟಿ ನೀಲಾಳಿಗೆ ಹೋಯಿತು. ಅವಳು ಮ್ಯಾಟ್ರಿಕ್ ಮುಟ್ಟಿದಳು. ನಾನು ಎಣಿಸಿದ ನೂರೆಲೆಯ ಕಟ್ಟಿನಲ್ಲಿ ಒಂದು ಎಲೆ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ನೀಲಾ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಎಣಿಸಿದ ಕಟ್ಟಿನಲ್ಲಿ ತೊಂಬತ್ತೂ ಇರುತ್ತಿದ್ದವು, ನೂರಾ ಹತ್ತೂ ಇರುತ್ತಿದ್ದವು. ಅಪ್ಪ ಸಿಟ್ಟಾಗುತ್ತಿರಲಿಲ್ಲ. ಹೆಚ್ಚು ಸಿಕ್ಕವರು ಸುಮ್ಮನಿರುತ್ತಾರೆ, ಕಡಿಮೆ ಸಿಕ್ಕವರಿಗೆ ನಾನು ಹೇಳಿಕೊಳ್ಳುತ್ತೇನೆ ಎನ್ನುತ್ತಿದ್ದ. ನನ್ನ ನೂರು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಅವಳ ಬರಹಗಳನ್ನು ನಾನು ಕದ್ದು ಓದುತ್ತಿದ್ದೆ. ಅಕ್ಷರ ಕೂಡಿಸಿ ಓದುವವಳು ನಾನು, ಒಂದು ಹಾಳೆಗೆ ಅರ್ಧ ಮಧ್ಯಾಹ್ನ ಬೇಕಾಗುತ್ತಿತ್ತು. ಒಂದು ಪತ್ತೇದಾರಿ ಪುಸ್ತಕಕ್ಕೆ ಅವಳು ಬರೆದದ್ದು: "ಕಳ್ಳ ನನಗೆ ಮೂವತ್ತನೆಯ ಪುಟದಲ್ಲೇ ಸಿಕ್ಕ. ಇನ್‌ಸ್ಪೆಕ್ಟರಿಗೆ ಯಾರಾದರೂ ಹೇಳಿ." ದುಃಖದ ಕಾದಂಬರಿಯೊಂದಕ್ಕೆ ಬರೆದದ್ದು: "ಇದರಲ್ಲಿ ಎಲ್ಲರೂ ಅಳುತ್ತಾರೆ, ಯಾರೂ ಅಡಿಗೆ ಮಾಡುವುದಿಲ್ಲ. ಇಷ್ಟು ಜನ ಇನ್ನೂರು ಪುಟದವರೆಗೆ ಏನು ತಿಂದರು?" ಅದರ ಕೆಳಗೆ ಹಾನಗಲ್ಲ ಒಂದರ ಗುಂಡನೆಯ ಅಕ್ಷರ: "ಏಳನೆಯವರು ಹಸಿದು ಓದಬಾರದು." ಅದರ ಕೆಳಗೆ ಹಿರೇಕೆರೂರಿನವರೊಬ್ಬರು, ಶಿಗ್ಗಾಂವಿಯವರೊಬ್ಬರು, ಇಬ್ಬರೂ ಏಳನೆಯವರ ಪಕ್ಷ. ಕಾಣದ ಊರಿನ ಕಾಣದ ಜನ ನನ್ನ ತಂಗಿಯ ಸಲುವಾಗಿ ಜಗಳವಾಡುತ್ತಿದ್ದರು. ನಾನು ಪುಸ್ತಕ ರಪ್ಪನೆ ಮುಚ್ಚಿ ಎಲೆ ಎಣಿಸಲು ಕೂರುತ್ತಿದ್ದೆ.

ನನಗೂ ಒಂದು ನಂಬರು ಬೇಕೆಂದು ಒಮ್ಮೆ ಅಪ್ಪನನ್ನು ಕೇಳಿದೆ. "ಒಂದ್ ಮನಿಗೆ ಒಂದ ನಂಬರವಾ. ನೀ ಏನ್ ಬರೀತಿ?" ಅಂದ. ಹಂಗಿಸಿ ಅಂದದ್ದಲ್ಲ, ನಿಜವಾಗಿಯೇ ಕೇಳಿದ್ದ. ನಾನು ಅಂಟಿನ ಹಿಟ್ಟು ಕಲಸಲು ಎದ್ದು ಹೋದೆ.

ನೀಲಾಳಿಗೆ ಹದಿನೆಂಟು ಇದ್ದಾಗ ಆಚಾರ್ ಮಾಸ್ತರು ಸ್ವತಃ ನಮ್ಮ ಮನೆಗೆ ಬಂದರು. ಧೋತರ, ಕರಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ. ಬಾಗಿಲಲ್ಲಿ ನಿಂತು ಅಪ್ಪನನ್ನು ಕೇಳಿದರು: "ಏಳನೇ ನಂಬರಿನ ಸಾಹೇಬ್ರು ಮನ್ಯಾಗ ಇದ್ದಾರೇನ್ರಿ? ಮೂರ್ ವರ್ಷ ಆತು ಜಗಳಾ ಆಡ್ಲಿಕ್ಕತ್ತಿ, ಮಾರಿ ನೋಡಿಲ್ಲ." ಅಪ್ಪ ಎಲೆರಾಶಿಯ ಹಿಂದೆ ಕೂತ, ಮೊಣಕೈವರೆಗೆ ಒದ್ದೆಯಾದ ಹುಡುಗಿಯ ಕಡೆ ಬೆರಳು ಮಾಡಿದ. ಮಾಸ್ತರು ಟೊಪ್ಪಿಗೆ ತೆಗೆದು, ಎರಡೂ ಕೈ ಜೋಡಿಸಿ "ನಮಸ್ಕಾರ್ರೀ ಏಳನೆಯವರ" ಎಂದರು. ನೀಲಾ ಕೈ ಒರೆಸಿಕೊಳ್ಳುತ್ತ ಎದ್ದು, "ಬರ್ರಿ ಒಂದನೆಯವ್ರ, ಕುಂದರ್ರಿ. ಉಂಡ ಬಂದೀರೋ, ಹಸದ ಬಂದೀರೋ?" ಎಂದಳು. ಮುದುಕರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಚಹಾ ತಂದವಳು ನಾನು. ಅವರು ನನ್ನ ಮುಖ ನೋಡದೆ ಬಸಿ ತೆಗೆದುಕೊಂಡರು. ಅದರಲ್ಲಿ ಅವರ ತಪ್ಪಿರಲಿಲ್ಲ. ಆದರೂ ಆ ಬಸಿಯನ್ನು ನಾನು ಎಷ್ಟೋ ದಿನ ಬೇರೆ ಬಸಿಗಳ ಕೆಳಗೆ ಇಟ್ಟೆ.

ನನ್ನ ಮದುವೆ ಹದಿನಾರಕ್ಕೇ ಆಗಿತ್ತು. ಗಂಡನ ಮನೆ ಸವಣೂರಿನಲ್ಲೇ, ಎಂಟು ಓಣಿ ಆಚೆ. ದಿನಾ ಹಗಲು ತವರಿಗೆ ಬಂದು ಎಲೆಯ ಕೆಲಸ ಮಾಡಿ ಹೋಗುತ್ತಿದ್ದೆ. ಮದುವೆಯಾದ ಮೂರನೆಯ ತಿಂಗಳು ಒಮ್ಮೆ ಬಟ್ಟೆಯ ಗಂಟು ಕಟ್ಟಿಕೊಂಡು ಬಂದಿದ್ದೆ, ಒಲ್ಲೆ ಎಂದಿದ್ದೆ. ಅವ್ವ ಊಟಕ್ಕೆ ಹಾಕಿದಳು, ಒಂದು ಕುಬಸದ ಕಣದ ಬಟ್ಟೆ ಉಡಿಯಲ್ಲಿ ಇಟ್ಟಳು, ಹೊತ್ತು ಮುಳುಗುವುದರೊಳಗೆ ಕೈ ಹಿಡಿದು ತಿರುಗಿ ಬಿಟ್ಟು ಬಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ.

ನೀಲಾಳನ್ನು ರಟ್ಟೀಹಳ್ಳಿಗೆ ಕೊಟ್ಟರು. ವರ್ಷ ತುಂಬುವ ಮೊದಲೇ ಅವಳು ತಿರುಗಿ ಬಂದಳು. ಏನಾಯಿತು ಎಂದರೆ, "ಆ ಮನ್ಯಾಗ ನಾ ಏನರ ಕೇಳಿದ್ರ ಬಾಯಿಂದ ಉತ್ತರ ಬರೂದಿಲ್ಲಕ್ಕ, ಕೈಯಿಂದ ಬರ್ತೈತಿ" ಎಂದಳು. ಅವ್ವ ತಿರುಗಿ ಕಳಿಸುವ ಮಾತು ತೆಗೆದಳು. ನನ್ನ ಉದಾಹರಣೆಯನ್ನೇ ಕೊಟ್ಟಳು: ದೊಡ್ಡಾಕೆ ಹೊಂದಿಕೊಳ್ಳಲಿಲ್ಲವೇ? ನೀಲಾ ವಾದ ಮಾಡಲಿಲ್ಲ. ಅಪ್ಪನಿಗೆ ಮಾತ್ರ, "ಎರಡ್ ತಿಂಗಳ ತಡಿ, ಆಮ್ಯಾಲ ಹೇಳ್ತೇನಿ" ಎಂದಳು. ಎರಡು ತಿಂಗಳು ಯಾಕೆ ಎಂಬುದು ಅಪ್ಪನಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಟ್ರಂಕು ನಾಲ್ಕೂ ಊರು ಸುತ್ತಿ ಬರಲು ಎರಡು ತಿಂಗಳು.

ಹಿಂದಿನ ದಿನವೇ ಅವಳು ಒಂದು ಕಾದಂಬರಿಯ ಹಿಂದೆ ಬರೆದು ಟ್ರಂಕಿನಲ್ಲಿ ಇಟ್ಟಿದ್ದಳು. ಎಡಗಡೆ ಹಾಳೆಯ ತೀರಾ ತಳದಲ್ಲಿ, ಸಣ್ಣ ಅಕ್ಷರದಲ್ಲಿ: "ನಾಯಕಿ ಕೊನೆಗೆ ಗಂಡನ ಮನೆಗೆ ತಿರುಗಿ ಹೋಗುತ್ತಾಳೆ. ಇದು ಸರಿಯೆ? ಪುಸ್ತಕದ ಮಾತು ಬೇಡ. ನಿಮ್ಮ ಮನೆಯ ಮಗಳಾದರೆ ಏನು ಮಾಡುತ್ತೀರಿ ಎಂದು ಹೇಳಬೇಕು. ಸವಣೂರ ಏಳು." ಬಲಗಡೆ, ರಟ್ಟಿನ ಒಳಮೈಗೆ ಅಂಟಿಸಿದ ಹಾಳೆ ಆಗ ಪೂರ್ತಿ ಖಾಲಿ ಇತ್ತು.

ಟ್ರಂಕು ತಿರುಗಿ ಬಂದ ದಿನ ನೀಲಾ ನೀರಿಗೆ ಹೋಗಿದ್ದಳು, ಸರದಿ ಬರಲು ಮಧ್ಯಾಹ್ನ ದಾಟುತ್ತಿತ್ತು. ಬೀಗ ತೆಗೆದವಳು ನಾನು. ಆ ಪುಸ್ತಕವನ್ನೇ ಮೊದಲು ಹುಡುಕಿದೆ. ಬಲಗಡೆ ಹಾಳೆಯಲ್ಲಿ ಮೂರು ಉತ್ತರಗಳಿದ್ದವು. ಹಿರೇಕೆರೂರ ನಾಲ್ಕು: "ನಮ್ಮ ಮನೆಯ ಮಗಳಾದರೆ ಕಳಿಸುವುದಿಲ್ಲ. ನಮ್ಮಲ್ಲಿ ರೊಟ್ಟಿಗೆ ಕಡಿಮೆ ಇಲ್ಲ." ಹಾನಗಲ್ಲ ಒಂದು: "ನನ್ನ ಮಗಳನ್ನು ನಾನು ತಿರುಗಿ ಕಳಿಸಿದೆ. ಅದು ಸರಿ ಎಂದು ಹತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹೇಳುವುದಿಲ್ಲ. ಏಳನೆಯವರು ಹೋಗಬಾರದು." ನಾಯಕಿ ಎಂದು ಬರೆಯುವುದನ್ನು ಅವರು ಮರೆತಿದ್ದರು. ಶಿಗ್ಗಾಂವಿ ಹನ್ನೆರಡು: "ಒಂದನೆಯವರ ಮಾತೇ ನನ್ನ ಮಾತು. ನಮ್ಮಲ್ಲಿ ಒಂದು ಹೊಲಿಗೆ ಯಂತ್ರ ಸುಮ್ಮನೆ ಕೂತಿದೆ. ಬೇಕೆಂದರೆ ಮುಂದಿನ ಸಲ ಟ್ರಂಕಿನ ಜೊತೆ ಬಸ್ಸಿಗೆ ಹಾಕುತ್ತೇನೆ."

ಹೊಲಿಗೆ ಯಂತ್ರ ಎಂಬಲ್ಲಿ ನನಗೆ ಏನಾಯಿತೋ ಹೇಳಲಾರೆ. ನನ್ನನ್ನು ಎಂಟು ಓಣಿ ದಾಟಿಸಿ ಬಿಟ್ಟು ಬರಲು ಒಂದು ಕುಬಸದ ಕಣ ಸಾಕಾಗಿತ್ತು. ಇವಳಿಗೆ ಮೂರು ಊರು ಎದ್ದು ನಿಂತಿದ್ದವು. ಅಂಟಿನ ಡಬ್ಬಿ ಅಲ್ಲೇ ಇತ್ತು. ಒಂದು ಕಂದು ಹಾಳೆ ಕತ್ತರಿಸಿದೆ, ಬಲಗಡೆ ಹಾಳೆಯ ಮೇಲೆ ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಅಂಟಿಸಿದೆ, ಒಲೆಯ ಮುಂದೆ ಹಿಡಿದು ಒಣಗಿಸಿದೆ. ನನ್ನ ಕೈಕೆಲಸ ಯಾವಾಗಲೂ ಅಚ್ಚುಕಟ್ಟು.

ನೀಲಾ ಕೊಡ ಇಳಿಸಿ ನೇರ ಟ್ರಂಕಿಗೆ ಬಂದಳು. ಪುಸ್ತಕ ಬೋರಲು ಹಾಕಿ ರಟ್ಟು ಎತ್ತಿದಳು. ಎಡಗಡೆ ಅವಳ ಪ್ರಶ್ನೆ, ಬಲಗಡೆ ಖಾಲಿ ಹಾಳೆ.

"ಯಾರೂ ಏನೂ ಬರದಿಲ್ಲೇನಕ್ಕ?"

"ನಾ ಏನ್ ನೋಡಿಲ್ಲವಾ. ಹೆಂಗ ಬಂತೋ ಹಂಗ ಐತಿ."

ಅವಳು ಬಹಳ ಹೊತ್ತು ಆ ಹಾಳೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ಅಂದಳು: "ಇಷ್ಟ್ ಮಂದ್ಯಾಗ ಒಬ್ರಿಗೂ ತಪ್ಪ ಅನಿಸಿಲ್ಲಂದ್ರ, ನನಗ ಅನಿಸಿದ್ದ ತಪ್ಪಿರಬೇಕು." ಮೂರನೆಯ ದಿನ ತಾನೇ ಸೀರೆ ಮಡಚಿ ರಟ್ಟೀಹಳ್ಳಿಗೆ ಹೋದಳು. ಬಸ್ಸಿನವರೆಗೆ ಹೋದವಳು ನಾನು. ಅಲ್ಲಿ ಬಾಯಿ ತೆರೆದಿದ್ದರೆ ಸಾಕಿತ್ತು. ತೆರೆಯಲಿಲ್ಲ.

ಆ ಪುಸ್ತಕ ಮುಂದಿನ ಊರಿಗೆ ಹೋದರೆ ಬರೆದವರಿಗೆ ಗೊತ್ತಾಗುತ್ತಿತ್ತು. ಎಲೆಯ ನೀರು ಬಿದ್ದು ಕೆಟ್ಟಿತು ಎಂದು ಅಪ್ಪನಿಗೆ ಹೇಳಿ ಅದನ್ನು ನನ್ನ ಮನೆಗೆ ಒಯ್ದೆ, ಜೋಳದ ಕಣಜದ ಹಿಂದೆ ಇಟ್ಟೆ. ಮುಂದಿನ ಸುತ್ತಿನಲ್ಲಿ ಬೇರೆ ಪುಸ್ತಕಗಳ ಹಿಂದೆ ಹುಡುಕಾಟ ಶುರುವಾಯಿತು. ಏಳನೆಯವರು ಎಲ್ಲಿ? ನಮ್ಮ ಉತ್ತರ ಮುಟ್ಟಿತೆ? ಮಾಸ್ತರು ಬರೆದಿದ್ದರು: "ಓದಿದ್ದರೆ ಏಳನೆಯವರು ಒಂದು ಗೀಟಾದರೂ ಎಳೆಯಲಿ." ನಾನು ಪೆನ್ಸಿಲು ತೆಗೆದುಕೊಂಡು ಅದರ ಕೆಳಗೆ ಒಂದು ಗೀಟು ಎಳೆದೆ. ಆ ಹಾಳೆಗಳಲ್ಲಿ ನಾನು ಬರೆದದ್ದು ಅದೊಂದೇ. ಏಳನೆಯವರು ಓದಿಯೂ ಹೋದರು ಎಂದು ಮಾಸ್ತರು ತಿಳಿದುಕೊಂಡಿರಬೇಕು. ಆಮೇಲೆ ಅವರು ಆ ನಂಬರನ್ನು ಕರೆಯಲಿಲ್ಲ. ಎರಡು ವರ್ಷದ ಮೇಲೆ ಟ್ರಂಕು ಬರುವುದೂ ನಿಂತಿತು.

ನೀಲಾ ರಟ್ಟೀಹಳ್ಳಿಯಲ್ಲಿ ಹತ್ತು ವರ್ಷ ಬಾಳಿದಳು. ವರ್ಷಕ್ಕೆ ಒಮ್ಮೆ ಬಂದರೆ ಎರಡು ದಿನ. ಅವಳ ಎಡಗಿವಿಗೆ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತಾಡಿದರೆ ಮುಖ ತಿರುಗಿಸಿ ಬಲಗಿವಿ ಕೊಡುತ್ತಿದ್ದಳು. ಕಿವಿಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಎಲೆ ಎಣಿಸಲು ಕೂತರೆ ಈಗ ಅವಳ ಕಟ್ಟಿನಲ್ಲಿಯೂ ಸರಿಯಾಗಿ ನೂರು ಇರುತ್ತಿದ್ದವು. ಅದನ್ನು ನೋಡಲಾರದೆ ನಾನು ಒಳಗೆ ಎದ್ದು ಹೋಗುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ, ಎಂಬತ್ತರ ದಶಕದ ಕೊನೆಯಲ್ಲಿ, ಅವನ ದಿವಸದ ಕಾರ್ಯ ಮುಗಿಸಿ ಅವಳು ಹೊರಡುವ ಮುಂಜಾನೆ ನಾನು ಪುಸ್ತಕ ತಂದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ನನ್ನದೊಂದು ಕೈತಪ್ಪು, ಹಾಳೆ ತುಂಬಿದೆ ಎಂದು ತಿಳಿದು ಇನ್ನೊಂದು ಅಂಟಿಸಿದ್ದೆ, ಕೆಳಗೆ ಏನೋ ಇತ್ತೆಂದು ಆಮೇಲೆ ಹೊಳೆಯಿತು. ತಪ್ಪು ಒಪ್ಪಿಕೊಳ್ಳಲು ಬಂದವಳು ಅರ್ಧ ಸುಳ್ಳನ್ನು ಜೊತೆಗೆ ತಂದಿದ್ದೆ. ನೀಲಾ ಬಲಗಿವಿ ಕೊಟ್ಟು ಕೇಳಿದಳು. ಎಲೆಬುಟ್ಟಿಗೆ ಮುಚ್ಚಿದ ಒದ್ದೆ ಅರಿವೆ ತೆಗೆದು ಹಾಳೆಯ ಮೇಲೆ ಹಾಸಿದಳು. ಹತ್ತು ಕಟ್ಟು ಎಣಿಸುವಷ್ಟು ಹೊತ್ತಿನಲ್ಲಿ ಅಂಟು ನೆನೆಯಿತು. ಅವಳು ಮೂಲೆಯಿಂದ ಮೆಲ್ಲಗೆ ಎಬ್ಬಿಸಿದಳು, ನನ್ನ ಹಾಳೆ ಇಡಿಯಾಗಿ ಬಿಟ್ಟುಬಂತು. ಕೆಳಗೆ ಪೆನ್ಸಿಲಿನ ಅಕ್ಷರ ಇದ್ದ ಹಾಗೆಯೇ ಇತ್ತು.

ಮೂರನ್ನೂ ಓದಿದಳು. ಹೊಲಿಗೆ ಯಂತ್ರದ ಹತ್ತಿರ ಸ್ವಲ್ಪ ನಕ್ಕಳು. ಮಾಸ್ತರ ಮಾತಿನ ಮೇಲೆ ಬೆರಳಿಟ್ಟು, ಅವರು ಇದ್ದಾರೆಯೇ ಎಂದು ಕೇಳಿದಳು. ಇಲ್ಲ ಎಂದೆ. ಆಮೇಲೆ ಅವಳ ಕಣ್ಣು ಶಿಗ್ಗಾಂವಿಯ ಉತ್ತರದ ಕೆಳಗೆ ಇಳಿಯಿತು. ಅಲ್ಲಿ ಹಾಳೆ ಖಾಲಿ ಇತ್ತು. ಬಲಗೈಯ ನಾಲ್ಕು ಬೆರಳನ್ನು ಒತ್ತಟ್ಟಿಗೆ ಹಿಡಿದು ಅಲ್ಲಿಟ್ಟಳು. ಸರಿಯಾಗಿ ನಾಲ್ಕು ಬೆರಳು ಜಾಗ.

"ತುಂಬಿದ್ದಿಲ್ಲಕ್ಕ," ಎಂದಳು.

ಅವಳು ಬೈಯಬಹುದಿತ್ತು, ಅಳಬಹುದಿತ್ತು. ಗೂಡಿನಲ್ಲಿದ್ದ ಪೆನ್ಸಿಲು ತೆಗೆದುಕೊಂಡು ಆ ಖಾಲಿ ಜಾಗದ ಮೊದಲಿಗೆ ಏನೋ ಬರೆದು, ಪುಸ್ತಕವನ್ನೂ ಪೆನ್ಸಿಲನ್ನೂ ನನ್ನ ತೊಡೆಯ ಮೇಲೆ ಇಟ್ಟಳು. "ನಿನಗ ಏನ್ ಅನಿಸಿತ್ತ ಆವಾಗ, ಬರಿ. ಮುಂದಿನ ಸಲ ಬಂದಾಗ ಓದ್ತೇನಿ."

ಕ್ಷಮಿಸಿದ್ದೇನೆ ಎನ್ನಲಿಲ್ಲ. ಬಸ್ಸಿಗೆ ನಾನು ಬರುವುದು ಬೇಡ ಎಂದು ಒಬ್ಬಳೇ ಹೋದಳು. ಮುಂದಿನ ಸಲ ಬರಲಿಲ್ಲ. ಆ ಮಳೆಗಾಲದಲ್ಲಿ ಜ್ವರ ಬಂದು ಎಂಟು ದಿನಕ್ಕೆ ರಟ್ಟೀಹಳ್ಳಿಯಲ್ಲಿ ಹೋದಳು. ನಾವು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ನಾನೂ ಅದನ್ನು ಹಿಂದಿನಿಂದಲೇ ತೆರೆಯುತ್ತೇನೆ. ಮೂರು ಉತ್ತರಗಳ ಕೆಳಗೆ ಅವಳ ಅಕ್ಷರದಲ್ಲಿ "ಸವಣೂರ ಎಂಟು" ಎಂದಿದೆ. ಅದರ ಮುಂದೆ ನಾಲ್ಕು ಬೆರಳು ಜಾಗ ಖಾಲಿ ಇದೆ.