ಬೆಳಕು ನಿಲ್ಲಿಸುವ ಕನ್ನಡಿಯಕ್ಕ

ಬೆಳಗಿನ ಐದೂವರೆ. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಕನ್ನಡಿಯಕ್ಕ ಉಗುರಗಲದ ಗಾಜಿನ ತುಣುಕೊಂದನ್ನು ಚಿಮುಟದಲ್ಲಿ ಹಿಡಿದು ದೀಪಕ್ಕೆ ಓರೆಯಾಗಿ ಒಡ್ಡುತ್ತಾರೆ. ಉಸಿರು ತಾಗದಂತೆ ಮೂಗು, ಬಾಯಿಗೆ ಬಟ್ಟೆ. "ಜನ ಓಡಾಡೋಕೆ ಶುರು ಮಾಡಿದ್ರೆ ಧೂಳೂ ಏಳುತ್ತೆ. ಅದು ಮಲಗಿರುವಾಗ್ಲೇ ಬಂದ್ಬಿಡ್ತೀನಿ" ಎನ್ನುತ್ತಾರೆ.

ದಿನಕ್ಕೆ ಇಪ್ಪತ್ತನಾಲ್ಕು ತುಣುಕು. ಪ್ರತಿಯೊಂದನ್ನೂ ಮೂರು ಸಲ ತೊಳೆದು ಒಂದು ಪದರ ಬೆಳ್ಳಿ, ಅದರ ಮೇಲೆ ಸಾವಯವ ಅರೆವಾಹಕ ಎಂಬ, ಇಂಗಾಲದ ಅಣುಗಳ ಬಣ್ಣದ ತೆಳುಪೊರೆ, ಮತ್ತೆ ಬೆಳ್ಳಿ. ಈ ಎರಡು ಕನ್ನಡಿಗಳ ನಡುವೆ ಸಿಕ್ಕಿಬಿದ್ದ ಬೆಳಕು ಅತ್ತಿತ್ತ ಪುಟಿಯುತ್ತಾ, ಪೊರೆಯ ಅಣುಗಳೊಡನೆ ಬೆರೆತು, ಅರ್ಧ ಬೆಳಕು ಅರ್ಧ ದ್ರವ್ಯವಾದ ಕಣಗಳಾಗುತ್ತದೆ. ಅವನ್ನು ಬೇಕೆಂದ ಕಡೆ ನಿಲ್ಲಿಸುವುದು ಮೇಲಿನ ಮಹಡಿಯ ಸಂಶೋಧಕರ ಕೆಲಸ. ಏನು ಕೆಲಸವೆಂದು ಮನೆಯಲ್ಲಿ ಅತ್ತೆ ಕೇಳಿದಾಗ ಅಕ್ಕ ಹೇಳಿದ್ದು, "ಬೆಳಕು ಹಿಡಿಯೋ ಡಬ್ಬಿ ಮಾಡ್ತೀನಿ" ಎಂದು. "ಹಾಗಾದ್ರೆ ಮುಚ್ಚಳ ಗಟ್ಟಿಯಾಗಿ ಹಾಕು" ಎಂದರಂತೆ ಅತ್ತೆ.

ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಗಾಜಿನ ಸಾಮಾನು ತೊಳೆಯಲು ಇಲ್ಲಿಗೆ ಬಂದ ಅಕ್ಕ, ಯಂತ್ರ ನಡೆಸುವವರ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಈ ವಿದ್ಯೆ ಕಲಿತರು. ಅದಕ್ಕೀಗ ಹತ್ತೊಂಬತ್ತು ವರ್ಷ.

ಕಳೆದ ವರ್ಷ ಕಣಗಳು ನಿಲ್ಲಿಸಿದಲ್ಲಿ ನಿಲ್ಲದೆ ಒಂದೇ ಬದಿಗೆ ಜಾರತೊಡಗಿದವು. ಮೂರು ತಿಂಗಳಾದರೂ ಕಾರಣ ಸಿಗಲಿಲ್ಲ. ಸಂಶೋಧಕಿಯೊಬ್ಬಳ ಪದವಿ ತೂಗುಯ್ಯಾಲೆಯಲ್ಲಿತ್ತು. ಕೊನೆಗೆ ಎಲ್ಲರ ಬೊಟ್ಟು ತಿರುಗಿದ್ದು ಅಕ್ಕನ ಕಡೆಗೆ. "ನನ್ನ ಕೈ ಕೆಟ್ಟೋಯ್ತೇನೋ ಅನ್ನಿಸ್ತು. ಮೂರು ದಿನ ಊಟ ಸೇರ್ಲಿಲ್ಲ" ಎಂದು ನೆನೆಯುತ್ತಾರೆ.

ನಾಲ್ಕನೆಯ ದಿನ ಕೆಟ್ಟ ತುಣುಕುಗಳನ್ನೆಲ್ಲ ಸಾಲಾಗಿ ಜೋಡಿಸಿದರು. ದೀಪಕ್ಕೆ ಓರೆಯಾಗಿ ಒಡ್ಡಿದಾಗ ಹೊಳೆಯುವ ಹಸಿರು, ಎಲ್ಲದರಲ್ಲೂ ಒಂದೇ ಅಂಚಿನಲ್ಲಿ ತುಸು ಕೆಂಪಿಗೆ ತಿರುಗಿತ್ತು. ಅಂದರೆ ಆ ಬದಿಯ ಪೊರೆ ದಪ್ಪ. ಹೊಸದಾಗಿ ಕೂರಿಸಿದ ಎಸಿಯ ಗಾಳಿ, ಹಸಿ ಪೊರೆಯ ಒಂದೇ ಮಗ್ಗುಲಿಗೆ ಬಡಿಯುತ್ತಿತ್ತು. "ನೆಲ ಇಳಿಜಾರಾಗಿದ್ರೆ ನೀರು ನಿಲ್ಲುತ್ತೇನಮ್ಮ?" ಎಂದು ಸಂಶೋಧಕಿಯನ್ನು ಕೇಳಿದರು. ಎಸಿ ಆರಿಸಿ, ಬೆವರೊರೆಸಿಕೊಳ್ಳುತ್ತಾ ಹನ್ನೆರಡು ಹೊಸ ತುಣುಕು ಮಾಡಿಕೊಟ್ಟರು.

ಎರಡು ದಿನ ಕಳೆದ ಮೇಲೆ ಆ ಹುಡುಗಿ ಮೆಟ್ಟಿಲಿಳಿದು ಓಡಿಬಂದು ಅಕ್ಕನ ಕೈ ಹಿಡಿದು ಮೇಲಕ್ಕೆ ಕರೆದೊಯ್ದಳು. ಸಂಶೋಧಕರ ಪ್ರಯೋಗದ ಕೋಣೆಯೊಳಗೆ ಅಕ್ಕ ಕಾಲಿಟ್ಟಿದ್ದು ಅದೇ ಮೊದಲು. ಕತ್ತಲಲ್ಲಿ, ಪರದೆಯ ನಡುವೆ, ಸಾಸಿವೆಯಷ್ಟು ಹಸಿರು ಬೆಳಕು ಅಲುಗದೆ ನಿಂತಿತ್ತು.

"ನೋಡಿ ಅಕ್ಕ, ಇದು ನೀವು ಮಾಡಿದ್ದು" ಎಂದಳು ಹುಡುಗಿ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಐದನೇ ತುಣುಕು ಹಾಕಿದ್ದೀಯ ಅಲ್ವಾ?" ಎಂದರು. "ಒಂಬತ್ತನೇದು ಇದಕ್ಕಿಂತ ಚೆನ್ನಾಗಿ ಬಂದಿದೆ. ಅದನ್ನ ಹಾಕಿ ನೋಡು."