ಬಾಣಂತಿ ಕೋಣೆಯ ನೀಲಿ ಬಲ್ಬು

ನನ್ನ ಸೋದರಮಾವನ ಉಗುರುಗಳ ಸಂದಿಯಲ್ಲಿ ಆ ವರ್ಷವೆಲ್ಲ ನೀಲಿ ಬಣ್ಣ ಕೂತಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದು. ಎರಡನೆಯ ಮಹಾಯುದ್ಧದ ಕಾಲ. ದಡದ ಬೆಳಕು ಶತ್ರುಗಳ ಹಡಗಿಗೆ ಕಾಣಬಾರದೆಂದು ನಮ್ಮ ಕುದ್ರೋಳಿಯ ಮನೆಗಳ ಬಲ್ಬುಗಳಿಗೆ ನೀಲಿ ಬಣ್ಣ ಬಳಿದು ದೀಪ ಮರೆಮಾಡಿಸುವ ವಾರ್ಡನ್ ಕೆಲಸ ಅವರ ಪಾಲಿಗೆ ಬಂದಿತ್ತು. ತೋಳಿಗೆ ಪಟ್ಟಿ ಕಟ್ಟಿಕೊಂಡು ಹೊರಟರೆಂದರೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ. ಕಿಟಕಿಯಿಂದ ಒಂದು ಎಳೆ ಬೆಳಕು ಕಂಡರೂ ಜಗಲಿ ಹತ್ತಿ ಬೈದೇ ಬರುವವರು. ನಮ್ಮ ಮನೆಯ ಬಲ್ಬುಗಳಿಗೆ ಒಂದು ಕೈ ಹೆಚ್ಚೇ ಬಳಿದಿದ್ದರು. ಊರಿಗೆ ಹೇಳುವವನ ಮನೆ ಮೊದಲು ಸರಿ ಇರಬೇಕಂತೆ.

ನಮ್ಮದು ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಕಟ್ಟಿನ ಮನೆ, ಸೋದರಮಾವನಾದ ಅವರೇ ಯಜಮಾನರು. ಬೀದಿಯಲ್ಲಿ ಮೊದಲು ಕರೆಂಟು ಹಾಕಿಸಿದ ಹೆಮ್ಮೆ ಬೇರೆ. ಬಾಣಂತಿ ಕೋಣೆಯ ದೀಪ ಹಗಲಿರುಳೂ ಆರಬಾರದೆಂಬ ಪದ್ಧತಿ ನಮ್ಮಲ್ಲಿತ್ತು. ಅದಕ್ಕೂ ಅವರು ಎಣ್ಣೆ ದೀಪ ಬಿಡಿಸಿ ಬಲ್ಬನ್ನೇ ಉರಿಸಿದರು. ಗಾಳಿ ತಾಗದಂತೆ ಮುಚ್ಚಿದ ಕೋಣೆಯಲ್ಲಿ, ಎರಡನೆಯ ಮಗುವನ್ನು ಹೆತ್ತು ನಾನು ಮಲಗಿದ್ದು ಆ ನೀಲಿ ಬಲ್ಬಿನ ಕೆಳಗೆ.

ಮೊದಲನೆಯದು ಹುಟ್ಟುವಾಗಲೇ ನೀಲಿಗಟ್ಟಿತ್ತು, ಅಳಲೇ ಇಲ್ಲ. ಇದು ಅತ್ತರೂ, ಕಾಲು ಆಡಿಸಿದರೂ ನನಗೆ ಕಂಡದ್ದು ಅದೇ ಬಣ್ಣ. ತುಟಿ ನೀಲಿ, ಉಗುರು ನೀಲಿ, ಅಮ್ಮ ತಂದಿಟ್ಟ ಗಂಜಿಯೂ ನೀಲಿ. ಬಲ್ಬಿನ ಬಣ್ಣವೆಂದು ಬುದ್ಧಿಗೆ ಗೊತ್ತಿತ್ತು, ಮೈ ಕೇಳಲಿಲ್ಲ. ಮಗುವನ್ನು ಪಕ್ಕಕ್ಕೆ ಮಲಗಿಸಿದರೆ ಗೋಡೆಗೆ ಮುಖ ಮಾಡುತ್ತಿದ್ದೆ. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂತು. ಅಮ್ಮ ಬೆಲ್ಲದ ನೀರನ್ನು ಹತ್ತಿಯಲ್ಲಿ ಅದ್ದಿ ಕೂಸಿನ ಬಾಯಿಗೆ ಹಿಂಡುತ್ತ, ಇವಳಿಗೆ ಬಾಣಂತಿ ಸನ್ನಿಯೇ ಹಿಡಿಯಿತು ಎಂದು ಅಳುತ್ತಿದ್ದರು. ಕೂಸಿನ ದನಿ ದಿನದಿನಕ್ಕೆ ಸಣ್ಣಗಾಗುತ್ತಿತ್ತು.

ಸೂತಕದ ಕೋಣೆಗೆ ಗಂಡಸರು ಕಾಲಿಡುವುದಿಲ್ಲ. ಮಾವ ಹೊಸ್ತಿಲಾಚೆ ನಿಂತು, ಊಟ ಆಯಿತಾ ಎಂದು ವಿಚಾರಿಸಿ ಹೋಗುತ್ತಿದ್ದರು. ಒಂದು ಸಂಜೆ ಹಾಗೆ ಕೇಳಿದಾಗ ನನ್ನ ಬಾಯಿಂದ ಹೊರಟೇಹೋಯಿತು.

"ಮಾವ, ಇದೂ ಸತ್ತ ಮಗು. ಬಣ್ಣ ನೋಡಿ."

ಅಮ್ಮ ತಡೆದರೂ ಕೇಳದೆ ಅವರು ಒಳಗೇ ಬಂದರು. ಮಗುವಿನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಬಲ್ಬನ್ನು.

"ನಾನು ಎಂತ ಮಾಡಿ ಇಟ್ಟೆ ಮಾರಾಯ್ತಿ," ಎಂದರು ಅಮ್ಮನಿಗೆ. "ಇದು ಬಾಣಂತಿ ಮಲಗುವ ಬೆಳಕಾ? ನನಗೇ ಇಲ್ಲಿ ಉಸಿರು ಕಟ್ಟಿದ ಹಾಗೆ ಆಗ್ತದೆ."

ದೇವರ ಕೋಣೆಯ ಹಿತ್ತಾಳೆ ದೀಪ ತಂದು ಹಚ್ಚಿ, ಬಲ್ಬು ಆರಿಸಿದರು. ಕಿಟಕಿಗೆ ಚಾಪೆ ಕಟ್ಟಿದರು. ತೆಂಗಿನೆಣ್ಣೆಯ ಹಳದಿ ಬೆಳಕಿನಲ್ಲಿ ಮಗುವಿನ ಕೆನ್ನೆ ಕೆಂಪಗಿತ್ತು. ನಾನೇ ಕೈ ಚಾಚಿದೆ. ಅದು ಎದೆಗೆ ಬಾಯಿ ಹಾಕಿದಾಗ ನೋವಿಗೂ ಸಂತೋಷಕ್ಕೂ ಒಟ್ಟಿಗೇ ಕಣ್ಣೀರು ಬಂತು.

ಚಾಪೆಯ ಸಂದಿಯಿಂದ ಬೆಳಕು ಸೋರಿದ್ದನ್ನು ಯಾರೋ ದೂರಿದರು. ಮೇಲಿನವರು ವಿಚಾರಿಸಿದಾಗ ಮಾವ, ದೀಪ ಮರೆಮಾಡುವುದು ಮರೆತುಹೋಯಿತು ಎಂದರಂತೆ. ಮನೆಯ ಹೆಣ್ಣಿಗೆ ಸನ್ನಿ ಎಂಬ ಮಾತು ಬೀದಿಗೆ ಬೀಳುವುದು ಅವರಿಗೆ ಬೇಕಿರಲಿಲ್ಲ. ತೋಳಿನ ಪಟ್ಟಿ ಹೋಯಿತು. ಅವರಿಂದ ಬೈಸಿಕೊಂಡವರಿಗೆಲ್ಲ ಹಬ್ಬ. ಊರ ದೀಪ ಆರಿಸುವವರ ಮನೆಯಲ್ಲೇ ದೀಪಾವಳಿ ಎಂದು ಆಡಿಕೊಂಡರು. ಮಾವ ಸಂಜೆ ಜಗಲಿಗೆ ಬರುವುದನ್ನೇ ಬಿಟ್ಟರು. ನಿಜ ಹೇಳಿಬಿಡುತ್ತೇನೆ ಎಂದು ನಾನು ಹೊರಟರೆ, "ನೀನು ಸುಮ್ಮನಿರು. ನನಗೆ ಹೋದದ್ದು ಒಂದು ಪಟ್ಟಿ ಮಾತ್ರ," ಎಂದು ಬಾಯಿ ಮುಚ್ಚಿಸಿದರು.

ಯುದ್ಧ ಮುಗಿಯುವ ಮೊದಲೇ ಎದೆನೋವು ಬಂದು ತೀರಿಕೊಂಡರು. ಉತ್ತರಕ್ರಿಯೆಯ ಊಟದಲ್ಲಿ ಯಾರೋ ಅದೇ ದೀಪಾವಳಿಯ ಮಾತು ತೆಗೆದರು. ಪಂಕ್ತಿಯಲ್ಲಿ ನಗು ಹರಿಯಿತು. ನಾನು ಬಡಿಸುತ್ತಿದ್ದ ಸಾರಿನ ಪಾತ್ರೆ ಕೆಳಗಿಟ್ಟು, ಮಗಳನ್ನು ಎತ್ತಿಕೊಂಡು ಬಂದು ಪಂಕ್ತಿಯ ಎದುರು ನಿಂತೆ.

"ಆ ದೀಪ ಹಚ್ಚಿದ್ದು ಇವಳಿಗೆ," ಎಂದೆ. "ನನಗೆ ಸನ್ನಿ ಹಿಡಿದಿತ್ತು."

ಅಮ್ಮ ಬಂದು ಪಾತ್ರೆ ಎತ್ತಿಕೊಂಡು ಉಳಿದ ಎಲೆಗಳಿಗೆ ಬಡಿಸಿದರು.